ಒಳಗಿನ ಮಾತು

ಸೋಲಾಪುರದ ಅಕ್ಕಲಕೋಟ ರಸ್ತೆಗೆ ನಮ್ಮ ಟವೆಲ್ ಕಾರ್ಖಾನೆ.
ಗೇಟು ದಾಟಿದರೆ ಪಂಚಿಂಗ್ ಯಂತ್ರದ ಪಕ್ಕ ನನ್ನ ಹಲಗೆ:
ಹಸಿರು ಬಟ್ಟೆ, ತುಕ್ಕು ಹಿಡಿದ ಎಂಟು ಪಿನ್ನು.
ಮರಾಠಿ ಮೇಲೆ, ತೆಲುಗು ಕೆಳಗೆ,
ನಡುವೆ ಎಷ್ಟು ಜಾಗ ಉಳಿದರೆ ಅಷ್ಟು ಕನ್ನಡ.

ಟೈಮ್ ಆಫೀಸಿಗೆ ಗುಮಾಸ್ತೆಯಾಗಿ ಸೇರಿದವಳು.
ಮೂರೂ ಲಿಪಿ ಬರುತ್ತವೆಂಬ ಒಂದೇ ತಪ್ಪಿಗೆ
ನೋಟೀಸು ಬರೆಯುವ ಕೆಲಸ ಕೊರಳಿಗೆ ಬಿತ್ತು.
ಮೊದಲನೆಯದು ಇವತ್ತಿಗೂ ಬಾಯಿಪಾಠ:
"ಸಮಸ್ತ ಕಾರ್ಮಿಕರು ಸುರಕ್ಷತಾ ನಿಯಮಗಳನ್ನು
ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು."
ಬಾಯ್ಲರಿನ ಮಲ್ಲೇಶಿ ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಓದಿ
"ಅಕ್ಕಾ, ಯಾವ ತಕ್ಕಡಿ ಬಂದೈತಿ? ಎಲ್ಲಿ ಇಟ್ಟಾರ?" ಅಂದ.
ನಕ್ಕೆವು.
ವಾರದಲ್ಲಿ ಉಗಿ ಹೊಡೆದು ಅವನ ಮೊಣಕೈ ಚರ್ಮ ಎದ್ದಿತು.
ಆ ನಗು ನೆನಪಾಗಿ ರಾತ್ರಿ ರೊಟ್ಟಿ ಇಳಿಯಲಿಲ್ಲ.

ಎರಡನೆಯ ನೋಟೀಸು:
"ಕೆಂಪು ಚಕ್ರ ಮುಟ್ಟೂ ಮೊದಲ ಗ್ಲೌಸ ಹಾಕ್ಕೋರಿ.
ಹರಿದಿದ್ರ ನನ್ನ ಕಡೆ ಬರ್ರಿ, ಹೊಸಾವು ಅದಾವು."
ಮರಾಠಿಯದನ್ನು ಓದಿದ ಸಾಹೇಬರು ಕನ್ನಡಕ ಏರಿಸಿದರು:
"ಇದೇನು ಭಾಷೆಯೇ?"
ಗೊತ್ತಿಲ್ಲ ಸರ್, ನಿನ್ನೆ ಹನ್ನೊಂದು ಜನ ಗ್ಲೌಸು ಕೇಳಿದರು.

ಚಹಾದ ಹೊತ್ತಿಗೆ ಹಲಗೆಯ ಬದಿಗೆ ನಿಂತು ಕಲಿತೆ,
ಯಾರ ಬೆರಳು ಯಾವ ಸಾಲಿನಲ್ಲಿ ನಿಲ್ಲುತ್ತದೆಂದು.
ಮೊದಲು ದಿನಾಂಕ ಹುಡುಕುತ್ತಾರೆ, ಆಮೇಲೆ ದುಡ್ಡು,
ಆಮೇಲೆ ಸಹಿ ಯಾರದೆಂದು.
ನಡುವಿನದು ನಮ್ಮ ಸಮಾಧಾನಕ್ಕೆ ನಾವು ಬರೆದದ್ದು.

ಪುಣೆಯಲ್ಲಿ ಎರಡು ದಿನ ತರಬೇತಿ.
ತಂಪು ಹಾಲು, ಬಿಸ್ಕೀಟು, ಗೋಡೆ ತುಂಬ ಬಾಣಗಳ ಚಿತ್ರ.
ಮೇಲಿನಿಂದ ಕೆಳಗೆ ಬರುವ ಬಾಣ ದಪ್ಪ,
ಕೆಳಗಿನಿಂದ ಮೇಲೆ ಹೋಗುವುದು ಚುಕ್ಕೆ ಚುಕ್ಕೆ.
ಎಣಿಸಿದೆ. ಒಂಬತ್ತು.
ವಾಪಸ್ಸು ಬಂದರೆ ಬಡ್ತಿ: ಆಂತರಿಕ ಸಂವಹನ ಅಧಿಕಾರಿ.
ಅವ್ವ ಕೇಳಿದಳು, "ಹಂಗಂದ್ರ ಏನ ಕೆಲಸ?"
"ಒಳಗಿನ ಮಾತಿನ ಕೆಲಸ."
"ಅಂದ್ರ ಗುಟ್ಟಿನ ಮಾತೇನ?"
ಅಲ್ಲ ಅನ್ನಲು ಬಾಯಿ ತೆರೆದೆ.
ಸಂಬಳ ಎರಡು ಸಾವಿರ ಏರಿತ್ತು. ಸುಮ್ಮನಾದೆ.

ಹೋದ ವರ್ಷ ಮೇಲಿನಿಂದ ಒಂದು ಹಾಳೆ ಬಂತು:
"ಮಾನವ ಸಂಪನ್ಮೂಲದ ಪುನರ್‌ವಿನ್ಯಾಸ."
ಮೂರು ಭಾಷೆಗೆ ಇಳಿಸಬೇಕು.
ಕುಳಿತೆ. ಇಳಿಯಲಿಲ್ಲ.
ತೆಲುಗಿನಲ್ಲಿ ಅಡ್ಡಗಾಲು, ಮರಾಠಿಯಲ್ಲಿ ಜಾರು,
ಕನ್ನಡದಲ್ಲಿ ಓದಿದರೆ ಯಾರೋ ಮನೆ ಕಟ್ಟಿಸುತ್ತಿರುವ ಹಾಗೆ.
ಕಡೆಗೆ ಬರೆದೆ:
"ಏಪ್ರಿಲ್ ಹದಿನೇಳರಿಂದ ರಾತ್ರಿ ಪಾಳಿ ಇಲ್ಲ.
ನಲವತ್ತಾರು ಮಂದಿ ಕೆಲಸ ಹೋಗತೈತಿ. ಹೆಸರು ಕೆಳಗ ಅದಾವು.
ಲೆಕ್ಕದ ರೊಕ್ಕ ಇಪ್ಪತ್ತಕ್ಕ.
ಏನರ ಕೇಳೂದಿದ್ರ ಕಿಟಕಿ ಬಾಜೂ ಟೇಬಲ್ಲಿಗೆ ಬರ್ರಿ, ನಾ ಇರ್ತೀನಿ."
ಸಾಹೇಬರು ಹಾಳೆ ಹಿಡಿದು ಬಹಳ ಹೊತ್ತು ಕೂತರು.
ಕಡೆಯ ಸಾಲಿನ ಕೆಳಗೆ ಗೆರೆ ಎಳೆದರು.
ಹೊಡೆದು ಹಾಕಲಿಲ್ಲ. ಸಹಿ ಮಾಡಿದರು.

ಹಲಗೆಗೆ ಏರಿಸುವ ಮೊದಲು
ನಲವತ್ತಾರು ಮುಖಕ್ಕೂ ಹೇಳಬೇಕಿತ್ತು.
ಹೇಳಿದ್ದು ಮೂವತ್ತೊಂದಕ್ಕೆ.
ಉಳಿದ ಹದಿನೈದು ನನ್ನ ಲೆಕ್ಕದಲ್ಲಿ ಇನ್ನೂ ಬಾಕಿ.

ಅಂಬುಬಾಯಿ ಗಡ್ಡಂ ಅವರಲ್ಲಿ ಒಬ್ಬಳು.
ಅಂಚು ಹೊಲಿಯುವ ಸಾಲಿನಲ್ಲಿ ಇಪ್ಪತ್ತೆರಡು ವರ್ಷ.
ಅವಳ ಬೆರಳು ಹಾಳೆಯ ಮೇಲೆ ಇಳಿಯುತ್ತ ಬಂದು
ಹತ್ತೊಂಬತ್ತರಲ್ಲಿ ನಿಂತಿತು.
"ಓದಿ ಹೇಳು," ಅಂದಳು.
ಓದಲು ಬರುತ್ತದೆ ಅವಳಿಗೆ, ಅದು ನನಗೆ ಗೊತ್ತು,
ನನಗೆ ಗೊತ್ತೆಂದು ಅವಳಿಗೂ ಗೊತ್ತು.
ಓದಿದೆ, ದನಿಯನ್ನು ಎರಡೂ ಕೈಯಲ್ಲಿ ಹಿಡಿದಂತೆ.
"ತಪ್ಪೈತಿ."
ಎದೆ ಧಸಕ್ಕೆಂದಿತು. ಪಟ್ಟಿಯೇ ತಪ್ಪಿರಬಹುದೇ?
"ಅಂಬೂ ಅಲ್ಲ, ಅಂಬು. ಗಿಡ್ಡದು ಬರಿ."

ಪೆನ್ನು ತೆಗೆದೆ.
ಬೂ-ದ ಬಾಲ ಹೊಡೆಯುವ ತನಕ ನಿಂತು ನೋಡಿದಳು.
ಆಮೇಲೆ ಡಬ್ಬಿ ಕಂಕುಳಿಗೆ ಇರುಕಿಕೊಂಡು ಪಾಳಿಗೆ ಹೋದಳು.
ಇನ್ನೂ ಹನ್ನೆರಡು ರಾತ್ರಿ ಇತ್ತು.